ಜೆರಾಕ್ಸ್ ಮನೆಯ ಇಬ್ಬರು ಮಕ್ಕಳು: ಟ್ಯಾಬ್ಲೆಟ್ಟೋ, ಇ-ರೀಡರೋ?

ಪುಸ್ತಕ ಓದೋದಕ್ಕೆ ಟ್ಯಾಬ್ಲೆಟ್ ತಗೊಳ್ಳಲೋ, ಇ-ರೀಡರ್ ತಗೊಳ್ಳಲೋ? ಮುಂಬಯಿಯ ನಮ್ಮ ಕನ್ನಡ ಬಳಗದಲ್ಲಿ ಈಗೀಗ ಈ ಪ್ರಶ್ನೆ ಮದುವೆಯೂಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. ಕೇಳುವವರು ಹೆಚ್ಚಾಗಿ ನನ್ನ ಓರಗೆಯವರು. ಬ್ಯಾಂಕಿನಿಂದಲೋ, ಹೋಟೆಲಿನ ಗಲ್ಲೆಯಿಂದಲೋ ನಿವೃತ್ತರಾದವರು, ಕಣ್ಣಿನ ಪೊರೆ ತೆಗೆಸಿಕೊಂಡವರು, ಮಗ ಅಥವಾ ಮಗಳು "ಏನು ಬೇಕು ಹೇಳಿ ಅಪ್ಪ, ಆರ್ಡರ್ ಮಾಡ್ತೀನಿ" ಎಂದಾಗ ಏನು ಹೇಳಬೇಕೆಂದು ತಿಳಿಯದವರು. ಅಂಗಡಿಯವನನ್ನು ಕೇಳಿದರೆ ಬೆಲೆ, ಮೆಮರಿ, ಬ್ಯಾಟರಿ ಅಂತ ಲೆಕ್ಕ ಒಪ್ಪಿಸುತ್ತಾನೆ. ಅವನ ಲೆಕ್ಕ ಸರಿಯೇ. ಆದರೆ ಇಂಗ್ಲಿಷ್ ಓದುಗನಿಗೆ ಸರಿಹೋಗುವ ಉತ್ತರ ಕನ್ನಡದ ಓದುಗನಿಗೆ ಸರಿಹೋಗಲೇಬೇಕು ಅಂತಿಲ್ಲ ಎನ್ನುವುದನ್ನು ಅವನು ಹೇಳುವುದಿಲ್ಲ, ಪಾಪ ಅವನಿಗೆ ಗೊತ್ತೂ ಇರುವುದಿಲ್ಲ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಈ ಎರಡು ಯಂತ್ರಗಳ ಹುಟ್ಟನ್ನೂ, ಅವುಗಳೊಳಗೆ ಕನ್ನಡ ಹೊಕ್ಕ ದಾರಿಯನ್ನೂ ಒಮ್ಮೆ ನೋಡಿಬರಬೇಕು. ಸುಮಾರು ಐವತ್ತು ವರ್ಷಗಳ ಕಥೆ. ಬನ್ನಿ.

ನಮ್ಮಲ್ಲಿ 'ಜೆರಾಕ್ಸ್' ಅಂದರೆ ನಕಲು ಪ್ರತಿ. ರೇಷನ್ ಕಾರ್ಡಿನ ಜೆರಾಕ್ಸ್, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್. ಊರಿನಿಂದ ಯಾರೋ ತಂದ, ಅಂಗಡಿಯಲ್ಲಿ ಸಿಗದ ಕನ್ನಡ ಪುಸ್ತಕವನ್ನು ಮಾಟುಂಗದ ಯಾವುದೋ ಗಲ್ಲಿಯಲ್ಲಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ ಓದಿದ ತಲೆಮಾರು ನಮ್ಮದು. ಅದು ಒಂದು ಅಮೆರಿಕನ್ ಕಂಪನಿಯ ಹೆಸರು ಎನ್ನುವುದು ನಮಗೆ ಎಷ್ಟೋ ವರ್ಷಗಳ ಮೇಲೆ ತಿಳಿದದ್ದು. ಕಾಗದದ ಮೇಲೆ ಕಾಗದ ನಕಲು ಮಾಡಿಯೇ ದುಡ್ಡು ಮಾಡಿದ ಆ ಕಂಪನಿ 1970ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ 'ಪಾರ್ಕ್' ಎಂಬ ಸಂಶೋಧನಾ ಕೇಂದ್ರ ತೆರೆಯಿತು. ತಮಾಷೆ ನೋಡಿ, ಇವತ್ತು ನಾವು ಯಾವುದನ್ನು ಕೊಳ್ಳಲಿ ಅಂತ ತಲೆ ಕೆರೆದುಕೊಳ್ಳುವ ಎರಡೂ ಯಂತ್ರಗಳ ಕಲ್ಪನೆ ಬೆಳೆದದ್ದು ಆ ಒಂದೇ ಸೂರಿನ ಕೆಳಗೆ.

ಮೊದಲನೆಯದು ಅಲನ್ ಕೇ ಎಂಬವರ ಕನಸು. 1972ರಲ್ಲಿ ಅವರು 'ಡೈನಾಬುಕ್' ಎಂಬ ಯಂತ್ರದ ಕಲ್ಪನೆಯನ್ನು ವಿವರಿಸಿ ಒಂದು ಪ್ರಬಂಧ ಬರೆದರು. ನೋಟ್‌ಪುಸ್ತಕದಷ್ಟು ಗಾತ್ರ, ಚಪ್ಪಟೆ ಪರದೆ, ಮಕ್ಕಳು ಎಲ್ಲೆಂದರಲ್ಲಿ ಹೊತ್ತುಕೊಂಡು ಹೋಗಬಹುದಾದ ಕಂಪ್ಯೂಟರು. ಅದರಲ್ಲಿ ಪುಸ್ತಕ ಓದಬಹುದು, ಬರೆಯಬಹುದು, ಚಿತ್ರ ಬಿಡಿಸಬಹುದು, ಸಂಗೀತ ಕಟ್ಟಬಹುದು. ಕಂಪ್ಯೂಟರೆಂದರೆ ಕೋಣೆ ತುಂಬುವ ಯಂತ್ರವಾಗಿದ್ದ ಕಾಲದಲ್ಲಿ ಇಂಥ ಕನಸು! ಆದರೆ ಆ ಪ್ರಬಂಧದ ಆರಂಭದಲ್ಲೇ ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಕೂತು ಡೈನಾಬುಕ್ಕಿನಲ್ಲಿ ಏನು ಮಾಡುತ್ತಿರುತ್ತಾರೆ ಗೊತ್ತೇ? ಪಾಠ ಓದುತ್ತಿರುವುದಿಲ್ಲ, ಅಂತರಿಕ್ಷ ಯುದ್ಧದ ಆಟ ಆಡುತ್ತಿರುತ್ತಾರೆ. ಟ್ಯಾಬ್ಲೆಟ್ಟಿನ ಜಾತಕ ಅಲ್ಲಿಯೇ ಬರೆದಾಗಿತ್ತು ಅನ್ನಿ.

ಎರಡನೆಯದು ಅದೇ ಪಾರ್ಕಿನ ನಿಕ್ ಶೆರಿಡನ್ ಅವರ ಕೆಲಸ. ಅಂದಿನ ಕಂಪ್ಯೂಟರ್ ಪರದೆಗಳು ಮಂಕಾಗಿದ್ದವು, ಅದಕ್ಕೆ ಬದಲಿ ಹುಡುಕುತ್ತ 1970ರ ದಶಕದಲ್ಲಿ ಅವರು 'ಜೈರಿಕಾನ್' ಎಂಬ ವಿದ್ಯುತ್ ಕಾಗದ ಮಾಡಿದರು. ತೆಳ್ಳನೆಯ ಹಾಳೆಯೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಗುಂಡುಗಳು, ಪ್ರತಿ ಗುಂಡಿನ ಒಂದು ಮೈ ಬಿಳಿ, ಇನ್ನೊಂದು ಮೈ ಕಪ್ಪು. ವಿದ್ಯುತ್ತು ತಾಗಿಸಿದರೆ ಗುಂಡು ಹೊರಳುತ್ತದೆ. ಹೊರಳಿದ ಮೇಲೆ ವಿದ್ಯುತ್ತು ತೆಗೆದರೂ ಅಕ್ಷರ ಹಾಗೇ ನಿಂತಿರುತ್ತದೆ. ದೀಪ ಬೇಡ, ಕಾಗದದ ಹಾಗೆಯೇ ಹೊರಗಿನ ಬೆಳಕಿನಲ್ಲಿ ಓದಬಹುದು.

ಒಂದು ಮಗು ಎಲ್ಲ ಕೆಲಸ ಮಾಡುವ ಚೂಟಿ, ಇನ್ನೊಂದು ಕಾಗದವಾಗುವುದೊಂದೇ ಗುರಿ ಎಂದು ಕೂತ ಸಾಧು. ಇವೆರಡನ್ನೂ ಜೆರಾಕ್ಸ್ ಕಂಪನಿ ಮಾರುಕಟ್ಟೆಗೆ ತಂದು ಗೆಲ್ಲಿಸಲಿಲ್ಲ. ಡೈನಾಬುಕ್ ಕನಸಾಗಿಯೇ ಉಳಿಯಿತು. ಜೈರಿಕಾನ್ ಹೆಸರಿನ ಅಂಗಸಂಸ್ಥೆ 2000ದಲ್ಲಿ ಶುರುವಾಗಿ 2005ರಲ್ಲಿ ಮುಚ್ಚಿತು. ಹೆತ್ತ ಮನೆಯಲ್ಲಿ ಬೆಳೆಯದ ಮಕ್ಕಳು ಬೇರೆಯವರ ಮನೆಯಲ್ಲಿ ದೊಡ್ಡವರಾದರು. ವಲಸೆ ಬಂದ ನಮಗೆ ಇದೇನು ಹೊಸ ಕಥೆಯಲ್ಲ ಬಿಡಿ.

ಯಂತ್ರ ಬರುವ ಮುಂಚೆಯೇ ಅದರೊಳಗೆ ತುಂಬುವ ಪುಸ್ತಕಗಳ ಕೆಲಸ ಶುರುವಾಗಿತ್ತು. 1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕೆಲ್ ಹಾರ್ಟ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಲ್ಲಿನ ಕಂಪ್ಯೂಟರಿಗೆ ಟೈಪು ಮಾಡಿ ಹಾಕಿದರು. ಪ್ರಾಜೆಕ್ಟ್ ಗುಟೆನ್‌ಬರ್ಗ್ ಹುಟ್ಟಿದ್ದು ಹಾಗೆ. ಇಲ್ಲೊಂದು ಅಂಶ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹಾರ್ಟ್ ಪುಟದ ಚಿತ್ರ ತೆಗೆದಿಡಲಿಲ್ಲ, ಅಕ್ಷರಗಳನ್ನೇ ಇಟ್ಟರು. ಇಂಗ್ಲಿಷಿಗೆ ಅದು 1971ರಲ್ಲೇ ಸಾಧ್ಯವಿತ್ತು.

1998ರಲ್ಲಿ ಅಮೆರಿಕದಲ್ಲಿ 'ರಾಕೆಟ್ ಇಬುಕ್', 'ಸಾಫ್ಟ್‌ಬುಕ್' ಎಂಬ ಎರಡು ಓದುಯಂತ್ರಗಳು ಬಂದವು. ರಾಕೆಟ್ ಮಾಡಿದವರು ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ? ಹೌದು, 2003ರಲ್ಲಿ ಟೆಸ್ಲಾ ಕಾರು ಕಂಪನಿ ಹುಟ್ಟುಹಾಕಿದವರು ಇವರೇ. ರಾಕೆಟ್ಟಿನದ್ದು ಸಾಧಾರಣ ಎಲ್‌ಸಿಡಿ ಪರದೆ, ಪುಸ್ತಕಗಳು ಕಡಿಮೆ, ಬೆಲೆ ಜಾಸ್ತಿ. ಆ ಕಂಪನಿಗಳನ್ನು ಕೊಂಡ ಜೆಮ್‌ಸ್ಟಾರ್ 2003ರಲ್ಲಿ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಇ-ಪುಸ್ತಕದ ಕಥೆ ಮುಗಿಯಿತು ಎಂದೇ ಆಗ ಬಹಳ ಜನ ತಿಳಿದರು.

ಅಷ್ಟರಲ್ಲಿ ಶೆರಿಡನ್ ಹಿಡಿದಿದ್ದ ದಾರಿಯಲ್ಲೇ ಎಂಐಟಿಯ ಪ್ರಾಧ್ಯಾಪಕ ಜೋಸೆಫ್ ಜೇಕಬ್‌ಸನ್ ಇನ್ನೊಂದು ಪ್ರಯೋಗ ನಡೆಸಿದ್ದರು. ಜೊತೆಗೆ ಜೆ.ಡಿ. ಆಲ್ಬರ್ಟ್, ಬ್ಯಾರೆಟ್ ಕಾಮಿಸ್ಕಿ ಎಂಬ ಇಬ್ಬರು ವಿದ್ಯಾರ್ಥಿಗಳು. 1997ರಲ್ಲಿ 'ಇ-ಇಂಕ್' ಕಂಪನಿ ಶುರುವಾಯಿತು. ಇವರದು ಗುಂಡಲ್ಲ, ಗುಳಿಗೆ. ಕೂದಲೆಳೆಯಷ್ಟು ಅಗಲದ ಗುಳಿಗೆಯೊಳಗೆ ತಿಳಿ ದ್ರವ, ಅದರಲ್ಲಿ ಬಿಳಿ ಕಣಗಳು ಮತ್ತು ಕಪ್ಪು ಕಣಗಳು. ಒಂದಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ಕೆಳಗಿನಿಂದ ವಿದ್ಯುತ್ತು ಕೊಟ್ಟರೆ ಒಂದು ಬಣ್ಣ ಮೇಲೆ ತೇಲುತ್ತದೆ, ಇನ್ನೊಂದು ತಳ ಸೇರುತ್ತದೆ. ಪುಟ ತಿರುಗಿಸುವಾಗ ಮಾತ್ರ ವಿದ್ಯುತ್ತು ಖರ್ಚು. ಅದಕ್ಕೇ ಇ-ರೀಡರಿನ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಪುಟ ಬದಲಾಗುವಾಗ ಪರದೆ ಒಮ್ಮೆ ಕಪ್ಪಾಗಿ ಮಿಟುಕುವುದೂ, ವಿಡಿಯೊ ನೋಡಲು ಬಾರದಿರುವುದೂ ಇದೇ ಕಾರಣಕ್ಕೆ. ಕಣಗಳು ಈಜಿಕೊಂಡು ಬರಬೇಕಲ್ಲ! ಟ್ಯಾಬ್ಲೆಟ್ಟಿನ ಪರದೆಯಾದರೋ ತನ್ನದೇ ಬೆಳಕು ಚೆಲ್ಲುತ್ತ ಸೆಕೆಂಡಿಗೆ 60 ಸಲವೋ ಇನ್ನೂ ಹೆಚ್ಚೋ ಚಿತ್ರವನ್ನು ಹೊಸದಾಗಿ ಬರೆಯುತ್ತಿರುತ್ತದೆ. ಅದರ ಚುರುಕೂ ಅದರಿಂದಲೇ, ಹಸಿವೂ ಅದರಿಂದಲೇ.

ಇ-ಇಂಕ್ ಪರದೆಯ ಮೊದಲ ಓದುಯಂತ್ರ 2004ರಲ್ಲಿ ಜಪಾನಿನಲ್ಲಿ ಬಂತು, ಸೋನಿಯ 'ಲಿಬ್ರಿಯೆ'. ಪರದೆ ಚೆನ್ನಾಗಿತ್ತು. ಆದರೆ ಅದಕ್ಕೆ ಇಳಿಸಿಕೊಂಡ ಪುಸ್ತಕ 60 ದಿನಗಳಲ್ಲಿ ತಾನಾಗಿ ಕಣ್ಮುಚ್ಚುತ್ತಿತ್ತು. ದುಡ್ಡು ಕೊಟ್ಟು ತಂದ ಪುಸ್ತಕಕ್ಕೆ ಎಕ್ಸ್‌ಪೈರಿ ಡೇಟು! ಜನ ಒಪ್ಪಲಿಲ್ಲ. 2007ರ ನವೆಂಬರ್ 19ರಂದು ಅಮೆಜಾನ್ ಕಂಪನಿ ಕಿಂಡಲ್ ತಂದಿತು. 6 ಇಂಚಿನ ಪರದೆ, ಬೆಲೆ 399 ಡಾಲರ್, ಐದೂವರೆ ತಾಸಿನಲ್ಲಿ ದಾಸ್ತಾನು ಖಾಲಿ. ಅದರ ಗುಟ್ಟು ಪರದೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ಅಂಗಡಿಯಲ್ಲಿತ್ತು. ಕಂಪ್ಯೂಟರಿನ ಹಂಗಿಲ್ಲದೆ, ಕೂತಲ್ಲೇ ಮೊಬೈಲ್ ಜಾಲದ ಮೂಲಕ ಪುಸ್ತಕ ಬಂದಿಳಿಯುತ್ತಿತ್ತು. ಮೂರು ವರ್ಷ ತುಂಬುವ ಮೊದಲೇ, 2010ರ ಏಪ್ರಿಲ್ 3ರಂದು ಆಪಲ್ಲಿನ ಐಪ್ಯಾಡ್ ಬಂತು. 9.7 ಇಂಚು, 499 ಡಾಲರಿನಿಂದ ಆರಂಭ, ತೂಕ ಸುಮಾರು 680 ಗ್ರಾಂ. ಮೊದಲ ಕಿಂಡಲಿನ ತೂಕ 300 ಗ್ರಾಮಿಗೂ ಕಡಿಮೆ. ಅಲನ್ ಕೇ ಅವರ ಚೂಟಿಗೂ ಶೆರಿಡನ್ನರ ಸಾಧುವಿಗೂ ಅಂಗಡಿಯ ಕಪಾಟಿನಲ್ಲಿ ಪೈಪೋಟಿ ಶುರುವಾದದ್ದು ಅಂದಿನಿಂದ.

ನಮ್ಮ ದೇಶಕ್ಕೂ ಗಾಳಿ ಬೀಸಿತು. 2009ರ ಅಕ್ಟೋಬರಿನಿಂದ ಕಿಂಡಲನ್ನು ಅಮೆರಿಕದಿಂದ ತರಿಸಿಕೊಳ್ಳಬಹುದಾಯಿತು. 2010ರಲ್ಲಿ ಇನ್ಫಿಬೀಮ್ ಎಂಬ ನಮ್ಮದೇ ಕಂಪನಿ 'ಪೈ' ಎಂಬ ಇ-ರೀಡರ್ ತಂದಿತು, ಬೆಲೆ 9,999 ರೂಪಾಯಿ. 2011ರ ಜನವರಿಯಲ್ಲಿ ಐಪ್ಯಾಡ್ ಇಲ್ಲಿನ ಅಂಗಡಿಗಳಿಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ 'ಆಕಾಶ್' ಎಂಬ ಅಗ್ಗದ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. 7 ಇಂಚಿನ ಪರದೆ, ಒಳಗೆ ಆಂಡ್ರಾಯ್ಡ್ 2.2. 2012ರ ಆಗಸ್ಟಿನಲ್ಲಿ ಕಿಂಡಲಿನ ಭಾರತೀಯ ಅಂಗಡಿ ತೆರೆಯಿತು, ಯಂತ್ರ 6,999 ರೂಪಾಯಿಗೆ ಮಾಲಿನಲ್ಲೇ ಸಿಗತೊಡಗಿತು. ಚರ್ಚ್‌ಗೇಟ್ ಲೋಕಲಿನಲ್ಲಿ ನೇತಾಡುತ್ತಲೇ ಒಂದೇ ಕೈಯಲ್ಲಿ ಕಿಂಡಲ್ ಹಿಡಿದು ಓದುವ ಹುಡುಗರನ್ನು ನಾನು ಬೆರಗಿನಿಂದ ನೋಡಿದ್ದು ಆ ದಿನಗಳಲ್ಲೇ.

ಸರಿ, ಇಷ್ಟೆಲ್ಲ ಆಗುವಾಗ ನಮ್ಮ ಅಕ್ಷರ ಎಲ್ಲಿತ್ತು?

ಯುನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಅದರಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಜಾಗ ಕಾದಿರಿಸಿದ ಮಾತ್ರಕ್ಕೆ ಸೀಟು ಸಿಗುತ್ತದೆಯೇ? 'ಸ್ತ್ರೀ' ಎಂಬ ಒಂದಕ್ಷರವನ್ನೇ ತಗೊಳ್ಳಿ. ಕಂಪ್ಯೂಟರಿನ ಕಣ್ಣಿಗೆ ಅದು ಆರು ಸಂಕೇತಗಳ ಸಾಲು: ಸ, ವಿರಾಮ, ತ, ವಿರಾಮ, ರ, ಈಕಾರ. ಇವನ್ನು ಜೋಡಿಸಿ, ಒತ್ತನ್ನು ಕೆಳಗಿಳಿಸಿ, ದೀರ್ಘವನ್ನು ಪಕ್ಕಕ್ಕೆ ತಂದು ತೋರಿಸಲು ಪ್ರತ್ಯೇಕ ತಂತ್ರಾಂಶ ಬೇಕು. ಅದಿಲ್ಲದ ಯಂತ್ರದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ, ಸಂತೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ ನಿಂತಿರುತ್ತವೆ. ವಿಂಡೋಸಿನಲ್ಲಿ ಈ ಸೌಕರ್ಯ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ, 'ತುಂಗಾ' ಫಾಂಟಿನ ರೂಪದಲ್ಲಿ. ಅದಕ್ಕೂ ಮುಂಚೆ, 1998ರಲ್ಲೇ ಶೇಷಾದ್ರಿವಾಸು ಅವರ 'ಬರಹ' ಬಂದಿತ್ತು. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸವನ್ನು ಬಳಸಿದ 'ನುಡಿ' ಬಂತು. ಮುದ್ರಣಾಲಯಗಳಲ್ಲಿ 'ಶ್ರೀಲಿಪಿ' ಇತ್ತು. ಇವುಗಳಿಂದ ಕನ್ನಡ ಕಂಪ್ಯೂಟರಿಗೆ ಬಂತು ಎನ್ನುವುದನ್ನು ಮರೆಯುವಂತಿಲ್ಲ, ನಾನೂ ಅಕ್ಷರ ಕುಟ್ಟಲು ಕಲಿತದ್ದು ಬರಹದಲ್ಲೇ. ಆದರೆ ಒಂದು ತೊಡಕು ಉಳಿಯಿತು. ಆ ಕಾಲದಲ್ಲಿ ಡಿಟಿಪಿ ಆದ ಸಾವಿರಾರು ಪುಸ್ತಕಗಳ ಕಡತಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳಲ್ಲಿದ್ದವು. ಫಾಂಟು ಬದಲಿಸಿದರೆ ಕಾಣುವುದು ಬರಿ ಕಸ. ಅಂಥ ಕಡತವನ್ನು ಇ-ಪುಸ್ತಕ ಮಾಡಬೇಕಾದರೆ ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು, ಮತ್ತೆ ಕೂತು ಕರಡು ತಿದ್ದಬೇಕು. ಸಣ್ಣ ಪ್ರಕಾಶಕರಿಗೆ ಅಷ್ಟು ವ್ಯವಧಾನವೂ ಇರಲಿಲ್ಲ, ಹಣವೂ ಇರಲಿಲ್ಲ.

2012ರಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಲಿಪಿಗಳನ್ನು ಕಲಿತು ಬಂತು. ಅಂದಿನಿಂದ ಅಗ್ಗದ ಟ್ಯಾಬ್ಲೆಟ್ಟೂ ಕನ್ನಡ ಓದತೊಡಗಿತು. ಇ-ರೀಡರಿನ ಕಥೆ ಹಾಗಾಗಲಿಲ್ಲ. 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಒಳಹೋದ ಭಾಷೆಗಳು ಐದು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ, ತೆಲುಗು ಬಂಗಾಳಿಗಳೂ ಇರಲಿಲ್ಲ. ಮುಂಬಯಿಯ ಒಂದು ಹೌಸಿಂಗ್ ಸೊಸೈಟಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದೇ ಮಹಡಿಯಲ್ಲಿ ಮರಾಠಿ, ಗುಜರಾತಿ, ಮಲಯಾಳಿ, ಕನ್ನಡ ಮನೆಗಳು. ಒಂದೇ ಯಂತ್ರ ನಾಲ್ಕೂ ಮನೆಯಲ್ಲಿದ್ದರೂ ಮೂರು ಮನೆಯವರಿಗೆ ಅದು ತಾಯ್ನುಡಿಯ ಪುಸ್ತಕದಂಗಡಿ, ನಾಲ್ಕನೆಯ ಮನೆಗೆ ಇಂಗ್ಲಿಷ್ ಪುಸ್ತಕದ ಕಪಾಟು. ಅಂಗಡಿಯವನ ಲೆಕ್ಕ ನಮಗೆ ಒಗ್ಗದ್ದು ಯಾಕೆ ಅಂತ ಈಗ ತಿಳಿಯಿತಲ್ಲ?

ಹಾಗಾದರೆ ಕನ್ನಡದಲ್ಲಿ ಡಿಜಿಟಲ್ ಪುಸ್ತಕಗಳೇ ಇರಲಿಲ್ಲವೇ? ಇದ್ದವು, ಬೇಕಾದಷ್ಟು ಇದ್ದವು. ಆದರೆ ಬೇರೆ ರೂಪದಲ್ಲಿ. 2000ದ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೇರಿ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಕಟ್ಟಿದವು. ಕಾರ್ನೆಗಿ ಮೆಲನ್ನಿನ ರಾಜ್ ರೆಡ್ಡಿ, ನಮ್ಮ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಅದರ ಹಿಂದಿದ್ದವರು. ಗ್ರಂಥಾಲಯಗಳ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸಿದರು, ಕನ್ನಡದವೂ ಅದರಲ್ಲಿ ಸಾಕಷ್ಟಿದ್ದವು. ಮುಂದೆ ಆ ಜಾಲತಾಣ ನಿಂತುಹೋದರೂ ಪುಸ್ತಕಗಳ ದೊಡ್ಡ ಪಾಲು ಇಂಟರ್‌ನೆಟ್ ಆರ್ಕೈವ್ ಸೇರಿ ಬದುಕಿಕೊಂಡಿತು. ಆಮೇಲೆ ಬೆಂಗಳೂರಿನ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಯೋಜನೆಯವರೂ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಅಲ್ಲಿಗೆ ಸೇರಿಸುತ್ತ ಬಂದರು. ಇವೆಲ್ಲ ಪುಟದ ಚಿತ್ರಗಳು, ಅಕ್ಷರಗಳಲ್ಲ.

ಈ ವ್ಯತ್ಯಾಸ ಕನ್ನಡಕ್ಕೆ ಹೊಸದೇನಲ್ಲ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚುಮೊಳೆಗಳಿಂದ ಅಚ್ಚಾಯಿತು. ಆದರೆ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರುಮಾಡಿದಾಗ ಬಾಸೆಲ್ ಮಿಶನ್ನಿನಲ್ಲಿ ಇದ್ದದ್ದು ಕಲ್ಲಚ್ಚು. ಕೈಯಲ್ಲಿ ಬರೆದದ್ದನ್ನು ಕಲ್ಲಿಗಿಳಿಸಿ, ಇಡೀ ಪುಟವನ್ನು ಒಂದು ಚಿತ್ರದ ಹಾಗೆ ಅಚ್ಚು ಹೊಡೆಯುವುದು. ಮುಂದೆ ಪತ್ರಿಕೆ ಅಚ್ಚುಮೊಳೆಯ ಅನುಕೂಲವಿದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಕಲ್ಲಚ್ಚಿನಲ್ಲಿ ಮೊಳೆ ಎರಕ ಹೊಯ್ಯುವ ಖರ್ಚಿಲ್ಲ, ಬೇಗ ಆಗುತ್ತದೆ. ಆದರೆ ಪುಟ ಹೇಗಿದೆಯೋ ಹಾಗೆ, ಒಂದಕ್ಷರವನ್ನೂ ಜರುಗಿಸಲಾಗದು. ಇಂದಿನ ಸ್ಕ್ಯಾನ್ ಪಿಡಿಎಫ್ ಅಂದರೆ ಕಲ್ಲಚ್ಚು. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿ ಹೊಂದಿಕೊಳ್ಳುವ ಇಪಬ್ ಅಂದರೆ ಅಚ್ಚುಮೊಳೆ. ಇಂಗ್ಲಿಷಿನವರು ಹೆಚ್ಚಾಗಿ ಮೊಳೆಯ ಪುಸ್ತಕ ಓದುತ್ತಾರೆ. ನಮ್ಮ ಡಿಜಿಟಲ್ ಸಂಪತ್ತಿನ ಬಹುಪಾಲು ಇನ್ನೂ ಕಲ್ಲಚ್ಚಿನಲ್ಲಿದೆ.

ಈಗ ಅಳತೆಗೆ ಬರೋಣ. 6 ಇಂಚಿನ ಇ-ರೀಡರಿನ ಪರದೆ ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ. ನಮ್ಮ ಡೆಮಿ ಅಷ್ಟಪತ್ರ ಗಾತ್ರದ ಪುಸ್ತಕ ಸುಮಾರು 14 ಅಗಲ, 21 ಉದ್ದ. ಅಂದರೆ ಸ್ಕ್ಯಾನ್ ಮಾಡಿದ ಪುಟ ಅಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುತ್ತದೆ. ಇಂಗ್ಲಿಷ್ ಅಕ್ಷರವಾದರೆ ಕಣ್ಣು ಕಿರಿದು ಮಾಡಿ ಓದಬಹುದೇನೋ. ಕನ್ನಡದಲ್ಲಿ ಮೊದಲೇ ಸಣ್ಣದಾಗಿರುವ ಒತ್ತು ಕಣ್ಣಿಗೇ ಬೀಳುವುದಿಲ್ಲ. ಕೆಳಗಿರುವುದು ತವತ್ತೋ ನವತ್ತೋ ಎಂದು ಊಹೆಯ ಮೇಲೆ ಓದಬೇಕು. ಅದೇ 9.7 ಇಂಚಿನ ಟ್ಯಾಬ್ಲೆಟ್ಟಿನಲ್ಲಿ ಪರದೆ 15 ಅಗಲ, 20 ಉದ್ದ. ಪುಟ ಬಹುತೇಕ ತನ್ನ ನಿಜ ಗಾತ್ರದಲ್ಲೇ ಕೂರುತ್ತದೆ, ಬೆರಳಲ್ಲಿ ಹಿಗ್ಗಿಸಿದರೆ ತಕ್ಷಣ ಹಿಗ್ಗುತ್ತದೆ. 1894ರ ಕಿಟೆಲ್ ನಿಘಂಟನ್ನು 6 ಇಂಚಿನ ಇ-ರೀಡರಿನಲ್ಲಿ ತೆರೆದು ನೋಡಿ, ನಾನು ಹೇಳುವುದು ಅರ್ಥವಾಗುತ್ತದೆ. ನನ್ನ ಮೇಜಿನ ಮೇಲೆ ಎರಡೂ ಯಂತ್ರಗಳಿವೆ, ಕಿಟೆಲ್ ಇರುವುದು ಟ್ಯಾಬ್ಲೆಟ್ಟಿನಲ್ಲಿ.

ಹಾಗಂತ ಟ್ಯಾಬ್ಲೆಟ್ಟಿಗೇ ಜೈ ಅನ್ನಲಾರೆ. ಹಾರ್ವರ್ಡಿನ ನಿದ್ರಾ ಸಂಶೋಧಕರು 2014ರ ಕೊನೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹನ್ನೆರಡು ಜನರನ್ನು ಕೆಲವು ರಾತ್ರಿ ಐಪ್ಯಾಡಿನಲ್ಲೂ ಕೆಲವು ರಾತ್ರಿ ಕಾಗದದ ಪುಸ್ತಕದಲ್ಲೂ ಮಲಗುವ ಮುನ್ನ ನಾಲ್ಕು ತಾಸು ಓದಿಸಿದರು. ಐಪ್ಯಾಡ್ ಓದಿದ ರಾತ್ರಿ ನಿದ್ದೆ ಹತ್ತಲು ಸುಮಾರು 10 ನಿಮಿಷ ತಡವಾಯಿತು, ನಿದ್ದೆಯ ಹಾರ್ಮೋನು ಮೆಲಟೋನಿನ್ ತಗ್ಗಿತು, ಬೆಳಿಗ್ಗೆ ಮಂಪರು ಹೆಚ್ಚಿತ್ತು. ಸಣ್ಣ ಅಧ್ಯಯನ, ಅದನ್ನೇ ವೇದವಾಕ್ಯ ಮಾಡಬೇಕಿಲ್ಲ. 2012ರಿಂದ ಈಚೆಗೆ ಇ-ರೀಡರುಗಳಿಗೂ ದೀಪ ಬಂದಿದೆ. ಆದರೆ ಅದು ಅಂಚಿನಿಂದ ಪುಟದ ಮೇಲೆ ಹರಿಯುವ ಬೆಳಕು, ಕಣ್ಣಿಗೆ ನೇರ ಹೊಡೆಯುವುದಲ್ಲ. ಬಿಸಿಲಿನಲ್ಲಿ ಟ್ಯಾಬ್ಲೆಟ್ ಕನ್ನಡಿಯಾಗುತ್ತದೆ, ಇ-ರೀಡರ್ ಇನ್ನಷ್ಟು ಸ್ಪಷ್ಟವಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಮನಸ್ಸಿನ ಮಾತು. ಟ್ಯಾಬ್ಲೆಟ್ಟಿನಲ್ಲಿ ಕಾರಂತರ ಕಾದಂಬರಿ ಹಿಡಿದು ಕೂತರೆ ನಡುವೆ ವಾಟ್ಸಾಪಿನಲ್ಲಿ ಭಾವನವರ 'ಶುಭೋದಯ' ಬಂದು ಕೂರುತ್ತದೆ. ಅಲನ್ ಕೇ ಅವರ ಮಕ್ಕಳು ಆಟವಾಡುತ್ತಿದ್ದರಲ್ಲ, ಆ ಸ್ವಭಾವ ಹೋಗುವುದಿಲ್ಲ ಮಾರಾಯ್ರೆ.

ಇದೆಲ್ಲ ನನಗೆ ಬರಿಯ ಕುತೂಹಲವಾಗಿ ಉಳಿಯದೆ ಅಗತ್ಯವಾದದ್ದು ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದಾಗ. ಮುಂಬಯಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಳೆ ಮನೆ ಖಾಲಿ ಮಾಡಿ, ಹೊಸ ಕಟ್ಟಡ ಏಳುವ ತನಕ ಬಾಡಿಗೆಯ ಸಣ್ಣ ಫ್ಲ್ಯಾಟಿನಲ್ಲಿರಬೇಕು. ನಲವತ್ತು ವರ್ಷದಲ್ಲಿ ಸೇರಿದ ಪುಸ್ತಕಗಳು ಮಾಳಿಗೆಯ ಟ್ರಂಕಿನಲ್ಲಿ, ಮಂಚದ ಕೆಳಗೆ, ಫ್ರಿಜ್ಜಿನ ಮೇಲೆ. "ರದ್ದಿಯವನನ್ನು ಕರೀರಿ" ಎಂದು ಮನೆಯವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವನ ಫೋನ್ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಳು! ನಾನು ನೆಲದ ಮೇಲೆ ಮೂರು ರಾಶಿ ಮಾಡಿದೆ. ಮೊದಲನೆಯದು, ಈಗಲೂ ಅಚ್ಚಿನಲ್ಲಿರುವ, ಬೇಕೆಂದರೆ ಮತ್ತೆ ಸಿಗುವ ಪುಸ್ತಕಗಳು. ಅವು ನಮ್ಮ ಸಂಘದ ವಾಚನಾಲಯಕ್ಕೆ ಹೋದವು. ಎರಡನೆಯದು, ಜಾಲದಲ್ಲಿ ಸ್ಕ್ಯಾನ್ ರೂಪದಲ್ಲಿರುವ ಹಳೆಯ ಪುಸ್ತಕಗಳು. ಅವನ್ನು ಟ್ಯಾಬ್ಲೆಟ್ಟಿಗೆ ಇಳಿಸಿಕೊಂಡು ಕಾಗದದ ಪ್ರತಿಗಳನ್ನು ಆಸಕ್ತರಿಗೆ ಕೊಟ್ಟೆ. ಮೂರನೆಯ ರಾಶಿ ಚಿಕ್ಕದು. ಮುಂಬಯಿಯಲ್ಲೇ ಅಚ್ಚಾದ ಸಂಘಗಳ ಸ್ಮರಣ ಸಂಚಿಕೆಗಳು, ರಾತ್ರಿಶಾಲೆಯ ಹುಡುಗರು ತಂದ ವಾರ್ಷಿಕ ಪತ್ರಿಕೆಗಳು, ಹೋಟೆಲಿನಲ್ಲಿ ದುಡಿಯುತ್ತಲೇ ಕವಿತೆ ಬರೆದವರು ಕೈಯಿಂದ ಖರ್ಚು ಮಾಡಿ ತಂದ ಪುಟ್ಟ ಸಂಕಲನಗಳು. ಇವು ಅಂಗಡಿಯಲ್ಲೂ ಇಲ್ಲ, ಜಾಲದಲ್ಲೂ ಇಲ್ಲ. ಯಾವ ಯಂತ್ರ ಕೊಂಡರೂ ಇವನ್ನು ಓದಲಾಗುವುದಿಲ್ಲ. ಆ ರಾಶಿಯನ್ನು ಬಾಡಿಗೆ ಮನೆಗೆ ನಾನೇ ಹೊತ್ತೆ.

ಇಳಿಸಿಕೊಂಡದ್ದು ನಮ್ಮದಾಗಿ ಉಳಿಯುತ್ತದೆಯೇ ಎನ್ನುವುದು ಇನ್ನೊಂದು ಪ್ರಶ್ನೆ. 2009ರ ಜುಲೈನಲ್ಲಿ ಹಕ್ಕಿಲ್ಲದವರು ಮಾರಿದ್ದ ಪ್ರತಿಗಳು ಎಂಬ ಕಾರಣಕ್ಕೆ ಜನರ ಕಿಂಡಲುಗಳಿಂದ ಜಾರ್ಜ್ ಆರ್ವೆಲ್‌ನ '1984' ಮಾಯವಾಯಿತು. ಸರ್ವಾಧಿಕಾರಿಯೊಬ್ಬ ಹಳೆಯ ದಾಖಲೆಗಳನ್ನು ಅಳಿಸುವ ಕಥೆಯ ಪುಸ್ತಕವೇ ಅಳಿಸಿಹೋದದ್ದು ವಿಧಿಯ ವ್ಯಂಗ್ಯ! ಕಂಪನಿಯ ಮುಖ್ಯಸ್ಥರು ಆಮೇಲೆ ಕ್ಷಮೆ ಕೇಳಿದರು. ನಮ್ಮಲ್ಲಿ ಫ್ಲಿಪ್‌ಕಾರ್ಟ್ 2012ರಲ್ಲಿ ತೆರೆದ ಇ-ಪುಸ್ತಕದಂಗಡಿಯನ್ನು 2015ರಲ್ಲಿ ಮುಚ್ಚಿತು, ಗ್ರಾಹಕರನ್ನು ಕೋಬೊಗೆ ದಾಟಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ಇ-ಪುಸ್ತಕದಂಗಡಿ ಮುಚ್ಚಿದಾಗ ಹಣ ವಾಪಸು ಬಂತು, ಪುಸ್ತಕಗಳು ಹೋದವು. 2025ರ ಫೆಬ್ರವರಿಯಲ್ಲಿ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ತಂತಿಯಿಂದ ಯಂತ್ರಕ್ಕೆ ಹಾಕುವ ಸೌಲಭ್ಯ ನಿಂತಿತು. ಬೀಗದ ಕೈ ನಮ್ಮ ಹತ್ತಿರ ಇಲ್ಲದ ಕಪಾಟಿನಲ್ಲಿ ಪುಸ್ತಕ ಇಡುವುದೆಂದರೆ ಹೀಗೆ. ಆದ್ದರಿಂದ ಬೀಗವಿಲ್ಲದ ಪಿಡಿಎಫ್, ಇಪಬ್ ಸಿಕ್ಕರೆ ಅದನ್ನೇ ಕೊಳ್ಳಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇಡಿ.

ಒಳ್ಳೆಯ ಸುದ್ದಿಯೂ ಇದೆ. 2020ರ ಸುಮಾರಿಗೆ ಬಂದ 'ಮೈಲ್ಯಾಂಗ್' ಆ್ಯಪಿನಲ್ಲಿ ಕನ್ನಡದ ಹೊಸ ಪುಸ್ತಕಗಳು ಅಚ್ಚುಮೊಳೆಯ ರೂಪದಲ್ಲಿ, ಅಂದರೆ ನಿಜವಾದ ಅಕ್ಷರವಾಗಿ ಸಿಗತೊಡಗಿದವು. ಗೂಗಲ್ ಪ್ಲೇ ಬುಕ್ಸಿನಲ್ಲೂ ಕನ್ನಡ ಪುಸ್ತಕಗಳಿವೆ. ಕೃತಿಸ್ವಾಮ್ಯದ ಗಡಿಯೂ ಸರಿಯುತ್ತಿದೆ. ಲೇಖಕರು ತೀರಿದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ನಮ್ಮ ಕಾನೂನಿನ ಅವಧಿ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಆಸಕ್ತರು ಕೂತು ಅಕ್ಷರಕ್ಕಿಳಿಸಿದರೆ ಯಾರ ಅನುಮತಿಯೂ ಬೇಡ. ಇನ್ನು, ಇ-ಇಂಕ್ ಪರದೆಯಿದ್ದು ಒಳಗೆ ಆಂಡ್ರಾಯ್ಡ್ ಓಡುವ ಬೂಕ್ಸ್ ಮುಂತಾದ ಯಂತ್ರಗಳು ಬಂದಿವೆ. 10 ಇಂಚಿನವೂ ಉಂಟು. ಅವುಗಳಲ್ಲಿ ಕನ್ನಡದ ಆ್ಯಪ್ ಹಾಕಿಕೊಳ್ಳಬಹುದು, ಸ್ಕ್ಯಾನ್ ಪುಟವೂ ಹಿಡಿಸುತ್ತದೆ. ಬೆಲೆ ಮಾತ್ರ ಸ್ವಲ್ಪ ಕಣ್ಣು ಕುಕ್ಕುತ್ತದೆ. ಜೆರಾಕ್ಸ್ ಮನೆಯ ಚೂಟಿಯೂ ಸಾಧುವೂ ಕೊನೆಗೆ ಒಂದೇ ತಟ್ಟೆಯಲ್ಲಿ ಉಣ್ಣಲು ಕೂತ ಹಾಗಾಯಿತು.

ಹಾಗಾದರೆ ಯಾವುದು ಕೊಳ್ಳಬೇಕು? ನೀವು ಓದುವುದು ಮುಖ್ಯವಾಗಿ ಇಂಗ್ಲಿಷ್ ಕಾದಂಬರಿಯಾದರೆ, ಓದು ಮಲಗುವ ಮುನ್ನವಾದರೆ, ಲೋಕಲಿನಲ್ಲಿ ನಿಂತು ಓದುವವರಾದರೆ 6-7 ಇಂಚಿನ ಇ-ರೀಡರ್ ಸಾಕು. ಹಳೆಯ ಕನ್ನಡ ಪುಸ್ತಕ, ನಿಘಂಟು, ಪತ್ರಿಕೆಗಳ ಸ್ಕ್ಯಾನ್ ಓದುವವರಾದರೆ 10 ಇಂಚಿಗೆ ಕಡಿಮೆಯಿಲ್ಲದ ಟ್ಯಾಬ್ಲೆಟ್ ತಗೊಳ್ಳಿ, ಓದುವಾಗ ಇಂಟರ್‌ನೆಟ್ ಬಂದ್ ಮಾಡಿ. ಹೊಸ ಕನ್ನಡ ಪುಸ್ತಕವೂ ಬೇಕು, ಕಣ್ಣಿಗೆ ಹಿತವೂ ಬೇಕು, ಕೈಯಲ್ಲಿ ಕಾಸೂ ಇದೆ ಎನ್ನುವವರಿಗೆ ಆಂಡ್ರಾಯ್ಡ್ ಇ-ರೀಡರ್. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಬಳಿಯ ಒಂದು ಕನ್ನಡ ಕಡತವನ್ನು ಅದರಲ್ಲಿ ತೆರೆಯಿಸಿ, 'ಸ್ತ್ರೀ', 'ರಾಷ್ಟ್ರ', 'ಅರ್ಘ್ಯ' ಎಂಬ ಪದಗಳು ಸರಿಯಾಗಿ ಕಾಣುತ್ತವೆಯೇ ನೋಡಿ. ಒತ್ತು ಒಡೆದರೆ ಅಲ್ಲಿಂದ ಎದ್ದುಬನ್ನಿ.

ಇನ್ನು ನನ್ನ ಮೂರನೆಯ ರಾಶಿಯ ವಿಚಾರ. ಅಂಥದ್ದೊಂದು ರಾಶಿ ನಿಮ್ಮ ಮನೆಯಲ್ಲೂ ಇದೆ ಅಂತ ನನಗೆ ಗೊತ್ತು. ಪುಣೆಯಲ್ಲಿ, ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ, ದೆಹಲಿಯಲ್ಲಿ ಕನ್ನಡ ಸಂಘ ಕಟ್ಟಿದವರ ಮನೆಯ ಕಪಾಟುಗಳಲ್ಲಿ ಇದೆ. ಅದನ್ನು ಬೆಂಗಳೂರಿನ ಯಾವ ಗ್ರಂಥಾಲಯವೂ ಪೂರ್ತಿ ಕೂಡಿಟ್ಟಿರಲಾರದು. ಈಗಿನ ಮೊಬೈಲ್ ಕ್ಯಾಮೆರಾದಲ್ಲೇ ಚೆನ್ನಾದ ಸ್ಕ್ಯಾನ್ ಬರುತ್ತದೆ. ಕಿಟಕಿಯ ಬೆಳಕು, ಒಂದು ಮೇಜು, ಭಾನುವಾರದ ಎರಡು ತಾಸು ಇದ್ದರೆ ಒಂದು ಸ್ಮರಣ ಸಂಚಿಕೆ ಮುಗಿಯುತ್ತದೆ. ಬರೆದವರ, ತಂದವರ ಅಥವಾ ಅವರ ಮನೆಯವರ ಒಪ್ಪಿಗೆ ಕೇಳಿ ಇಂಟರ್‌ನೆಟ್ ಆರ್ಕೈವಿಗೆ ಏರಿಸಬಹುದು. ನಾನು ಇದುವರೆಗೆ ಹನ್ನೊಂದು ಮುಗಿಸಿದ್ದೇನೆ. ಇನ್ನೂ ಮೂವತ್ತರ ಹತ್ತಿರ ಇವೆ, ಅದರಲ್ಲಿ ಎರಡಕ್ಕೆ ಗೆದ್ದಲು ಹಿಡಿದಿದೆ. ಅವೆರಡನ್ನು ಈ ಮಳೆಗಾಲಕ್ಕೆ ಮುಂಚೆ ಮುಗಿಸಬೇಕು.